ಕೈಯಲ್ಲಿ ಒಂಬತ್ತು ಲಕ್ಷ, ಮನಸ್ಸಿನಲ್ಲಿ ರಕ್ತಪಿಶಾಚಿ: ಪುಣೆಯ ಗೆಳೆಯರಿಗೊಂದು ಉತ್ತರ

ಪ್ರಶ್ನೆ: ನಾವು ಪುಣೆಯಲ್ಲಿ ನೆಲೆಸಿರುವ ಆರು ಮಂದಿ ಕನ್ನಡಿಗರು. ಹಿಂಜವಾಡಿಯ ಕಚೇರಿಗಳಲ್ಲಿ ಕೆಲಸ, ರಜೆಯ ದಿನಗಳಲ್ಲಿ ಕನ್ನಡ ನಾಟಕ. ಎಲ್ಲರೂ ಸೇರಿ 9 ಲಕ್ಷ ರೂಪಾಯಿ ಕೂಡಿಟ್ಟಿದ್ದೇವೆ. ಲೋಕವೆಲ್ಲ ಹಾಳಾದ ಮೇಲೆ ರಕ್ತಪಿಶಾಚಿಗಳ ನಡುವೆ ಉಳಿದವರ ಕಥೆಯನ್ನು ಪೂರ್ಣ ಪ್ರಮಾಣದ ಚಿತ್ರವಾಗಿ ಮಾಡುವ ಆಸೆಯಿದೆ. ಹಾಳಾದ ನಗರವನ್ನು ಎಲ್ಲಿಂದ ತರುವುದು? ರಾತ್ರಿ ದೃಶ್ಯಗಳ ಖರ್ಚನ್ನು ಹೇಗೆ ಹಿಡಿತದಲ್ಲಿಡುವುದು? ಕನ್ನಡದಲ್ಲಿ ಮಾಡಿದರೆ ನೋಡುವವರು ಸಿಗುತ್ತಾರೆಯೇ, ಇಲ್ಲವೇ ಹಿಂದಿಗೆ ಹೋಗಬೇಕೇ?

ಉತ್ತರ: ಮಾಡಬಹುದು, ಮಾಡಿ. ಆದರೆ ಈ ಮೂರು ಪ್ರಶ್ನೆಗಳಿಗಿಂತ ಮೊದಲು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ನಿಮ್ಮ ಪತ್ರದಲ್ಲಿ ಇಲ್ಲ. ನಿಮ್ಮ ಕಥೆಯ ಜನ ಹೊತ್ತು ಹುಟ್ಟಿದಾಗಿನಿಂದ ಹೊತ್ತು ಮುಳುಗುವವರೆಗೆ ಏನು ಮಾಡುತ್ತಾರೆ? ಈ ಬಗೆಯ ಚಿತ್ರಗಳು ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ಇದೇ ಪ್ರಶ್ನೆಯಲ್ಲಿ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಇಂಥ ಕಥೆಗಳ ತಾಯಿಬೇರು 1954ರಲ್ಲಿ ಬಂದ ರಿಚರ್ಡ್ ಮ್ಯಾಥೆಸನ್ ಅವರ ‘ಐ ಆ್ಯಮ್ ಲೆಜೆಂಡ್’ ಕಾದಂಬರಿ. ಅಲ್ಲಿ ಪಿಶಾಚಿಯಾಗುವುದು ಶಾಪದಿಂದಲ್ಲ, ಬ್ಯಾಕ್ಟೀರಿಯಾದಿಂದ. ಊರಿಗೆ ಉಳಿದ ಒಬ್ಬನೇ ಮನುಷ್ಯ ಹಗಲಿಡೀ ದುಡಿಯುತ್ತಾನೆ. ಬೆಳ್ಳುಳ್ಳಿ ಪೋಣಿಸುತ್ತಾನೆ, ಒಡೆದ ಹಲಗೆಗಳನ್ನು ಬಡಿಯುತ್ತಾನೆ, ಜನರೇಟರ್ ನೋಡಿಕೊಳ್ಳುತ್ತಾನೆ, ಗೂಟ ಕೆತ್ತುತ್ತಾನೆ, ಮಲಗಿರುವ ಪಿಶಾಚಿಗಳನ್ನು ಹುಡುಕಿ ಕೊಲ್ಲುತ್ತಾನೆ. ಸಂಜೆಯಾಗುತ್ತಲೇ ಒಳಗೆ ಸೇರಿ ಬಾಗಿಲು ಭದ್ರಪಡಿಸುತ್ತಾನೆ. ಹೊರಗೆ ಅವರು ಬಂದು ಕೂಗುತ್ತಾರೆ. ಇದರ ಮೇಲೆ 2007ರಲ್ಲಿ ಹಾಲಿವುಡ್ ಕೋಟ್ಯಂತರ ಡಾಲರ್ ಸುರಿಯಿತು. ಆದರೆ 1964ರಲ್ಲಿ ವಿನ್ಸೆಂಟ್ ಪ್ರೈಸ್ ನಟಿಸಿದ ‘ದಿ ಲಾಸ್ಟ್ ಮ್ಯಾನ್ ಆನ್ ಅರ್ತ್’ ಎಂಬ ಕಪ್ಪು-ಬಿಳುಪು ಚಿತ್ರವೇ ನಿಮ್ಮ ಪಾಠಪುಸ್ತಕ. ಅದರ ಮೊದಲ ಭಾಗದ ಬಹುಪಾಲು ಒಬ್ಬ ದಣಿದ ಮನುಷ್ಯನ ದಿನಚರಿ. ಅದನ್ನು ಬೆಳಗಿಸಿದ್ದು ಬಿಸಿಲು, ಮತ್ತು ಬಿಸಿಲಿಗೆ ಬಾಡಿಗೆಯಿಲ್ಲ.

ಬಡ ನಿರ್ಮಾಪಕನಿಗೆ ರಕ್ತಪಿಶಾಚಿಗಿಂತ ಉದಾರವಾದ ಭೂತ ಇನ್ನೊಂದಿಲ್ಲ. ಝಾಂಬಿ, ಎಂದರೆ ನಡೆದಾಡುವ ಹೆಣಗಳ ಚಿತ್ರಕ್ಕೆ ಹಗಲಲ್ಲೂ ಜನಜಂಗುಳಿ ಬೇಕು, ಪ್ರತಿಯೊಬ್ಬರಿಗೂ ಮೇಕಪ್ ಬೇಕು. ರಕ್ತಪಿಶಾಚಿ ಹಗಲಿನ ಹನ್ನೆರಡು ಗಂಟೆಯನ್ನು ನಿಮಗೇ ಬಿಟ್ಟುಕೊಡುತ್ತದೆ. ಚಿತ್ರದ ಮುಕ್ಕಾಲು ಭಾಗವನ್ನು ಹಗಲಲ್ಲೇ ಚಿತ್ರಿಸಿ. ಪಿಶಾಚಿ ಕಣ್ಣಿಗೆ ಬೀಳುವುದು ಕಡಿಮೆಯಾದಷ್ಟೂ ಪ್ರೇಕ್ಷಕ ಹಗಲಿನ ನೆರಳುಗಳನ್ನೇ ಅನುಮಾನದಿಂದ ನೋಡತೊಡಗುತ್ತಾನೆ.

ಈ ಮಾತಿಗೆ ನಾನು ಕೊಡುವ ಸಾಕ್ಷಿ ಜಿಮ್ ಮಿಕಲ್ ನಿರ್ದೇಶನದ ‘ಸ್ಟೇಕ್ ಲ್ಯಾಂಡ್’. 2010ರ ಟೊರೊಂಟೊ ಚಿತ್ರೋತ್ಸವದ ಮಧ್ಯರಾತ್ರಿ ವಿಭಾಗದಲ್ಲಿ ಪ್ರೇಕ್ಷಕರ ಪ್ರಶಸ್ತಿ ಗೆದ್ದ ಚಿತ್ರವಿದು. ಆರೂಕಾಲು ಲಕ್ಷ ಡಾಲರಿನ ಆಸುಪಾಸಿನಲ್ಲಿ ತಯಾರಾಯಿತೆಂದು ವರದಿಗಳಿವೆ. ನಮಗೆ ಅದು ದೊಡ್ಡ ಮೊತ್ತ, ಅಮೆರಿಕದಲ್ಲಿ ಏನೂ ಅಲ್ಲ. ಮುಖ್ಯ ಪಾತ್ರ ಮಾಡಿದ ನಿಕ್ ಡಮೀಚಿಯೇ ಚಿತ್ರಕಥೆಯ ಸಹಲೇಖಕರೂ ಹೌದು. ಒಬ್ಬ ಒರಟು ಬೇಟೆಗಾರ ಅನಾಥ ಹುಡುಗನೊಬ್ಬನನ್ನು ಕಾರಿನಲ್ಲಿ ಕೂರಿಸಿಕೊಂಡು ಉತ್ತರಕ್ಕೆ ಹೊರಡುತ್ತಾನೆ. ದಾರಿಯಲ್ಲಿ ಬೇಲಿ ಹಾಕಿಕೊಂಡ ಸಣ್ಣ ಊರುಗಳು, ಸರಕು ವಿನಿಮಯ, ಹಾಡು, ಸಾವು. ಎಲ್ಲಕ್ಕಿಂತ ಭಯ ಹುಟ್ಟಿಸುವವರು ಪಿಶಾಚಿಗಳಲ್ಲ, ದೇವರ ಹೆಸರಲ್ಲಿ ಗುಂಪು ಕಟ್ಟಿಕೊಂಡ ಮನುಷ್ಯರು. ಜನ ಹಾಡಿ ಕುಣಿಯುತ್ತಿರುವ ಊರೊಂದರ ಮೇಲೆ ಅವರು ಹೆಲಿಕಾಪ್ಟರಿನಿಂದ ಪಿಶಾಚಿಗಳನ್ನು ಉದುರಿಸುವ ದೃಶ್ಯವಿದೆ. ಅದನ್ನು ನೋಡಿದವರು ಮರೆಯುವುದಿಲ್ಲ. ಈ ಚಿತ್ರಕ್ಕೆ ಹಾಳಾದ ಮಹಾನಗರ ಬೇಕಾಗಲೇ ಇಲ್ಲ. ರಸ್ತೆ, ಹೊಲ, ಖಾಲಿ ಕೊಟ್ಟಿಗೆ, ತುಕ್ಕು ಹಿಡಿದ ಕಾರ್ಖಾನೆಗಳಷ್ಟೇ ಸಾಕಾದವು.

ಇನ್ನು ನಿಮ್ಮ ನೆಲಕ್ಕೆ ಬರೋಣ. ಪುಣೆಯಲ್ಲಿ ಕುಳಿತು ಕನ್ನಡದ ರಕ್ತಪಿಶಾಚಿ ಕಥೆ ಬರೆಯುವವರಿಗೆ ಇತಿಹಾಸವೇ ಒಂದು ವರ್ಷವನ್ನು ಎತ್ತಿಕೊಟ್ಟಿದೆ. 1897ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ ಪ್ರಕಟವಾಯಿತು. ಅದೇ ವರ್ಷ ಪುಣೆ ಪ್ಲೇಗಿನಲ್ಲಿ ಬೇಯುತ್ತಿತ್ತು. ಸೈನಿಕರು ಮನೆಮನೆ ನುಗ್ಗಿ ರೋಗಿಗಳನ್ನು ಎಳೆದೊಯ್ಯುತ್ತಿದ್ದರು. ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಆ ಪ್ಲೇಗು ಮುಂದೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನೂ ಹಿಂಡಿತು. ಇಲಿ ಬಿತ್ತೆಂದರೆ ಊರಿಗೆ ಊರೇ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿತ್ತು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜಿಯಂದಿರು ಆ ಗುಡಿಸಲುಗಳ ಮಾತು ಹೇಳುತ್ತಿದ್ದರು. ಪ್ಲೇಗಮ್ಮನ ಗುಡಿಗಳು ಈಗಲೂ ಇವೆ. 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ ರಕ್ತಪಿಶಾಚಿಯನ್ನೂ ಇಲಿಗಳನ್ನೂ ಪ್ಲೇಗನ್ನೂ ಒಂದೇ ಹಡಗಿನಲ್ಲಿ ಊರಿಗೆ ತಂದಿತು. ಬಿಟ್ಟು ಹೋದ ಊರು, ಹೊಲದ ಗುಡಿಸಲು, ಬಾಗಿಲ ಮೇಲೆ ಅಧಿಕಾರಿಗಳು ಬರೆದ ಗುರುತು: ಲೋಕ ಕುಸಿದ ಮೇಲಿನ ಬದುಕನ್ನು ತೋರಿಸಲು ಅಮೆರಿಕದ ಸೂಪರ್ ಮಾರ್ಕೆಟ್ಟಿಗಿಂತ ಇವು ನಿಮಗೆ ಎಷ್ಟೋ ಹತ್ತಿರ.

ಜಾಗಗಳ ವಿಷಯ. 1964ರ ಆ ಚಿತ್ರದ ಕಥೆ ನಡೆಯುವುದು ಅಮೆರಿಕದಲ್ಲಿ, ಚಿತ್ರೀಕರಣವಾದದ್ದು ರೋಮಿನಲ್ಲಿ. ಅಲ್ಲಿನ ಇಯುಆರ್ ಬಡಾವಣೆಯನ್ನು 1942ರ ವಿಶ್ವ ಪ್ರದರ್ಶನಕ್ಕೆಂದು ಕಟ್ಟಲು ತೊಡಗಿದ್ದರು. ಯುದ್ಧ ಬಂದು ಪ್ರದರ್ಶನ ನಡೆಯಲೇ ಇಲ್ಲ. ಜನರ ಅಳತೆಗೆ ಮೀರಿದ ಅದರ ಬಿಳಿ ಕಟ್ಟಡಗಳ ನಡುವೆ ಒಬ್ಬನನ್ನು ನಿಲ್ಲಿಸಿದರೆ ಸಾಕು, ಮಿಕ್ಕವರೆಲ್ಲ ಸತ್ತಿದ್ದಾರೆಂದು ನಂಬಿಕೆ ಬರುತ್ತದೆ. ನಿಮಗೆ ಅಂಥದ್ದು ಪುಣೆಯ ಹತ್ತಿರದ ಲವಾಸಾ. ಇಟಲಿಯ ಪೋರ್ಟೊಫಿನೊ ಮಾದರಿಯಲ್ಲಿ ಬೆಟ್ಟದ ನಡುವೆ ಹುಟ್ಟಿದ ಊರು. 2010ರಲ್ಲಿ ಪರಿಸರ ಸಚಿವಾಲಯ ಕೆಲಸ ನಿಲ್ಲಿಸಿತು, 2018ರಲ್ಲಿ ಯೋಜನೆ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅದು ಖಾಸಗಿ ಆಸ್ತಿ, ಬರಹದ ಅನುಮತಿಯಿಲ್ಲದೆ ಕ್ಯಾಮೆರಾ ತೆಗೆಯಬೇಡಿ.

ಗೋವಾದ ಎರಡು ತಾಣಗಳು ಇದಕ್ಕಿಂತ ಹೆಚ್ಚು ಕಾಡುವಂಥವು. ಒಂದು ಹಳೆ ಗೋವಾ. ಕಾಲರಾ, ಮಲೇರಿಯಾಗಳಿಗೆ ಬೆದರಿ ಜನ ಬಿಟ್ಟು ಹೋದ ರಾಜಧಾನಿ ಅದು, 1843ರಲ್ಲಿ ಅಧಿಕೃತವಾಗಿ ಪಣಜಿ ರಾಜಧಾನಿಯಾಯಿತು. ಸಂತ ಆಗಸ್ಟಿನ್ ಇಗರ್ಜಿಯ ಅರ್ಧ ಉಳಿದ ಗೋಪುರ ದೂರದಿಂದಲೇ ಕಾಣುತ್ತದೆ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅನುಮತಿ ಮತ್ತು ಶುಲ್ಕ ಎರಡೂ ಬೇಕು. ಆದ್ದರಿಂದ ಒಂದೆರಡು ದೂರದ ಶಾಟ್‌ಗಳಿಗೆ ಮಾತ್ರ ಇಟ್ಟುಕೊಳ್ಳಿ. ಇನ್ನೊಂದು ಸಾಂಗೆ ತಾಲ್ಲೂಕಿನ ಕುರ್ಡಿ, ಸಲೌಲಿಂ ಅಣೆಕಟ್ಟಿನಲ್ಲಿ ಮುಳುಗಿದ ಹಳ್ಳಿ. ಗಾಯಕಿ ಮೋಗುಬಾಯಿ ಕುರ್ಡೀಕರ್ ಅವರ ಊರು. ವರ್ಷದ ಬಹುಪಾಲು ನೀರಿನಡಿ ಇದ್ದು, ಮೇ ತಿಂಗಳಲ್ಲಿ ನೀರಿಳಿದಾಗ ಮನೆಗಳ ತಳಪಾಯ, ಮರದ ಮೋಟು, ಹಾದಿ ಎಲ್ಲ ಮೇಲೆ ಬರುತ್ತವೆ. ಯಾವ ಕಲಾ ನಿರ್ದೇಶಕನೂ ಕಟ್ಟಲಾರದ ನೆಲವದು. ಆದರೆ ಅಲ್ಲಿಂದ ಎದ್ದುಹೋದ ಕುಟುಂಬಗಳು ಆ ದಿನಗಳಲ್ಲಿ ಹಿಂದಿರುಗಿ ಬಂದು ಪೂಜೆ, ಪ್ರಾರ್ಥನೆ ಮಾಡುತ್ತವೆ. ಅವರ ದಿನಗಳನ್ನು ಅವರಿಗೇ ಬಿಡಿ. ಅಲ್ಲಿ ರಕ್ತ ಚೆಲ್ಲುವ ದೃಶ್ಯ ಬೇಡ, ನಡಿಗೆಯ ದೃಶ್ಯ ಸಾಕು. ಗೋವಾದವರೆಗೆ ಹೋಗಲಾಗದಿದ್ದರೆ ಉಜನಿ ಅಣೆಕಟ್ಟಿನ ಹಿನ್ನೀರು ಇಳಿದಾಗ ಕಾಣುವ ಪಳಸದೇವದ ಹಳೆಯ ಗುಡಿ ನಿಮಗೆ ಹತ್ತಿರ.

ಈಗ ಕಥೆಯ ಬಗ್ಗೆ ನನಗೆ ಅತ್ಯಂತ ಮುಖ್ಯವೆನಿಸುವ ಮಾತು. ಜನರಿಲ್ಲದ ಪುಣೆಯಲ್ಲಿ ನಾಲ್ಕು ಜನ ಕನ್ನಡ ಮಾತನಾಡುತ್ತಿದ್ದಾರೆ ಎಂದರೆ ಅದಕ್ಕೊಂದು ಕಾರಣ ಬೇಕು. ಕಾರಣ ಸರಳ: ಅವರು ಊರಿಗೆ ಹೊರಟಿದ್ದಾರೆ. ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿಗೆ 340 ಕಿಲೋಮೀಟರಿನ ಆಸುಪಾಸು. ಹಗಲು ಮಾತ್ರ ನಡೆಯಬಹುದು. ದಿನಕ್ಕೆ 20 ಕಿಲೋಮೀಟರ್ ಎಂದರೆ ಎರಡೂವರೆ ವಾರ. 2020ರ ಬೇಸಿಗೆಯಲ್ಲಿ ಇದೇ ರಾಜ್ಯದ ಹೆದ್ದಾರಿಗಳಲ್ಲಿ ಕೂಲಿಕಾರರು ಗಂಟುಮೂಟೆ ಹೊತ್ತು ನಡೆದದ್ದನ್ನು ಕಣ್ಣಾರೆ ಕಂಡವರು ನಾವು. ಆ ನಡಿಗೆಯ ವಿವರಗಳು, ಬಿಸ್ಕತ್ತಿನ ಪೊಟ್ಟಣ, ಕಿತ್ತುಹೋದ ಚಪ್ಪಲಿ, ಬಾಗಿಲು ತೆರೆಯದ ಊರುಗಳು, ನಿಮ್ಮ ಚಿತ್ರಕ್ಕೆ ಬರಬೇಕು.

ಇದಕ್ಕೊಂದು ಗಡುವು ಕೊಡಿ. ಉತ್ತರದ ದೇಶಗಳ ರಕ್ತಪಿಶಾಚಿ ಕಥೆಗಾರರು ಚಳಿಗಾಲದ ದೀರ್ಘ ರಾತ್ರಿಯನ್ನು ಬಳಸುತ್ತಾರೆ. ಪುಣೆಯ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದದ ರಾತ್ರಿಯೂ ಹದಿಮೂರು ಗಂಟೆ ಮುಟ್ಟುವುದು ಕಷ್ಟ. ಆದರೆ ನಮಗೆ ಅವರಲ್ಲಿಲ್ಲದ ಕತ್ತಲೆಯೊಂದಿದೆ. ಸಹ್ಯಾದ್ರಿಯಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಬಿಸಿಲಿಗೆ ಹೆದರುವ ಪಿಶಾಚಿಗಳಿಗೆ ಮಹಾಬಳೇಶ್ವರದ ಜುಲೈ ತಿಂಗಳು ಮುಗಿಯದ ರಾತ್ರಿ. ಎಂದರೆ ನಿಮ್ಮ ಜನ ಮೃಗಶಿರ ಮಳೆಗೆ ಮುಂಚೆ, ಜೂನ್ 7-8ರೊಳಗೆ, ಬಯಲುಸೀಮೆ ಸೇರಲೇಬೇಕು. ಏಪ್ರಿಲ್-ಮೇ ತಿಂಗಳ ಒಣ ಬಿಸಿಲಿನಲ್ಲಿ ಚಿತ್ರೀಕರಿಸಿ, ದೃಶ್ಯದಿಂದ ದೃಶ್ಯಕ್ಕೆ ಪಡುವಣದಲ್ಲಿ ಮೋಡ ದಟ್ಟವಾಗುತ್ತ ಹೋಗಲಿ. ಮಧ್ಯಾಹ್ನ ಮೂರಕ್ಕೆ ಮೋಡ ಕವಿದಾಗ ಪ್ರೇಕ್ಷಕನ ಎದೆ ಧಸಕ್ಕೆನ್ನಬೇಕು. ನಾನು ನೋಡಿದ ಯಾವ ಚಿತ್ರವೂ ಈ ನಿಯಮವನ್ನು ಬಳಸಿಲ್ಲ. ನಿಮ್ಮದಾಗಲಿ.

ರಾತ್ರಿಯ ಖರ್ಚು ಕೇಳಿದಿರಿ. ರಾತ್ರಿಯೆಲ್ಲವನ್ನೂ ಒಂದೇ ಮನೆಯೊಳಗೆ ತನ್ನಿ. ಸಾಸವಡದ ಕಡೆಯ ಹಳೆಯ ವಾಡೆಯೋ, ಗೆಳೆಯರ ಹೊಲದ ಮನೆಯೋ, ಒಂದು ಸಾಕು. ಸೋನಿ ಎಫ್‌ಎಕ್ಸ್3ಯಂಥ ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ. ಬಣ್ಣವನ್ನು ಆಮೇಲೆ ತಿದ್ದಲು ಅನುವಾಗುವಂತೆ ಚಿತ್ರ ಹಿಡಿಯುವ ಎಸ್-ಲಾಗ್3 ವಿಧಾನದಲ್ಲಿ ಅದಕ್ಕೆ 800 ಮತ್ತು 12800 ಎಂದು ಬೆಳಕನ್ನು ಹಿಡಿಯುವ ಶಕ್ತಿಯ ಎರಡು ಮೂಲ ಐಎಸ್‌ಒ ಮಟ್ಟಗಳಿವೆ. ಎರಡನೆಯದರಲ್ಲಿ ಕಂದೀಲಿನೊಳಗೆ ಬಚ್ಚಿಟ್ಟ ಪುಟ್ಟ ಎಲ್‌ಇಡಿಯೂ ಮುಖ ಬೆಳಗುತ್ತದೆ, ಜನರೇಟರ್ ಬೇಕಾಗುವುದಿಲ್ಲ. ಹೊರಾಂಗಣದ ಬೆಳದಿಂಗಳಿಗೆ ‘ಡೇ ಫಾರ್ ನೈಟ್’ ಎಂಬ, ಹಗಲಲ್ಲಿ ಚಿತ್ರಿಸಿ ರಾತ್ರಿಯೆಂದು ತೋರಿಸುವ ಹಳೆಯ ವಿದ್ಯೆಯಿದೆ. ಸೂರ್ಯ ಪಾತ್ರಗಳ ಬೆನ್ನಿಗಿರಲಿ, ಆಕಾಶ ಚೌಕಟ್ಟಿನಿಂದ ಹೊರಗಿರಲಿ, ಒಡ್ಡಿಕೆ (ಕ್ಯಾಮೆರಾದೊಳಗೆ ಬಿಡುವ ಬೆಳಕು) ಎರಡು ಸ್ಟಾಪ್, ಎಂದರೆ ಕಾಲುಭಾಗಕ್ಕೆ, ಇಳಿಯಲಿ, ಬಣ್ಣ ತುಸು ನೀಲಿಗೆ ವಾಲಲಿ. ಇದರಲ್ಲಿ ದೀಪ ತೋರಿಸಬಾರದು, ತೋರಿಸಿದರೆ ಗುಟ್ಟು ರಟ್ಟಾಗುತ್ತದೆ.

ಚಿತ್ರದ ಪ್ರಾಣ ಇರುವುದು ಮೂರುಸಂಜೆಯಲ್ಲಿ. ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ಉಪಯೋಗಕ್ಕೆ ಬರುವ ಬೆಳಕು ಇಪ್ಪತ್ತು-ಇಪ್ಪತ್ತೈದು ನಿಮಿಷ, ಯೂರೋಪಿನ ಬೇಸಿಗೆಯ ಸಂಜೆಯ ಅರ್ಧದಷ್ಟು. ಮಧ್ಯಾಹ್ನವಿಡೀ ತಾಲೀಮು ಮಾಡಿ ಆ ಹೊತ್ತಿನಲ್ಲಿ ಒಂದೇ ಉದ್ದನೆಯ ಶಾಟ್ ತೆಗೆಯಿರಿ. ರಂಗಭೂಮಿಯವರಾದ ನಿಮಗೆ ಇದು ಸುಲಭ, ಸಿನಿಮಾದವರಿಗೇ ಕಷ್ಟ. ಬೆಳಗಿನ ಜಾವವನ್ನೂ ಬಿಡಬೇಡಿ. 2002ರ ‘28 ಡೇಸ್ ಲೇಟರ್’ ಚಿತ್ರದಲ್ಲಿ ಖಾಲಿ ಲಂಡನ್ ಕಂಡದ್ದು ಬೇಸಿಗೆಯ ನಸುಕಿನಲ್ಲಿ ಕೆಲ ನಿಮಿಷ ವಾಹನಗಳನ್ನು ತಡೆದು, ಕ್ಯಾನನ್‌ನ ಸಾಮಾನ್ಯ ಡಿಜಿಟಲ್ ವಿಡಿಯೊ ಕ್ಯಾಮೆರಾಗಳಲ್ಲಿ ಹಿಡಿದದ್ದರಿಂದ.

ಮೂರುಸಂಜೆಯ ದೃಶ್ಯವೊಂದನ್ನು ನಾನೇ ಸೂಚಿಸುತ್ತೇನೆ, ಬೇಕಾದರೆ ಎತ್ತಿಕೊಳ್ಳಿ. ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮಿ ಬರುತ್ತಾಳೆ, ಮುಂಬಾಗಿಲು ಮುಚ್ಚಬಾರದು ಎಂಬುದು ನಮ್ಮ ಮನೆಗಳ ನಂಬಿಕೆ. ಕರೆಯದೆ ರಕ್ತಪಿಶಾಚಿ ಒಳಗೆ ಬರಲಾರದು ಎಂಬುದು ಸ್ಟೋಕರ್ ಕಾದಂಬರಿಯ ನಿಯಮ. ಲೋಕವೆಲ್ಲ ಮುಗಿದರೂ ಬಾಗಿಲು ತೆರೆದಿಟ್ಟು ದೀಪ ಹಚ್ಚುತ್ತೇನೆಂದು ಹಟ ಹಿಡಿದ ಅಜ್ಜಿ, ಬಾಗಿಲು ಹಾಕಲೇಬೇಕೆನ್ನುವ ಮೊಮ್ಮಗಳು. ತೆರೆದ ಬಾಗಿಲು ಕರೆದಂತೆಯೋ ಅಲ್ಲವೋ? ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದ ಜನ ಈ ಭಯವನ್ನು ಚೆನ್ನಾಗಿ ಬಲ್ಲರು.

ರಕ್ತಕ್ಕೆ ದುಡ್ಡು ಸುರಿಯಬೇಡಿ. ದ್ರವ ಗ್ಲೂಕೋಸ್, ಆಹಾರಕ್ಕೆ ಬಳಸುವ ಕೆಂಪು ಬಣ್ಣ, ಒಂದು ಹನಿ ನೀಲಿ, ಚಿಟಿಕೆ ಕೋಕೋ ಪುಡಿ ಸಾಕು. ಅಮೆರಿಕದ ನಿರ್ದೇಶಕ ಜಾರ್ಜ್ ರೊಮೆರೊ 1968ರಲ್ಲಿ ಸುಮಾರು 1,14,000 ಡಾಲರಿಗೆ ಮಾಡಿದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ನಲ್ಲಿ ಚಾಕೊಲೇಟ್ ಸಿರಪ್ಪೇ ರಕ್ತ, ಕಪ್ಪು-ಬಿಳುಪಿನಲ್ಲಿ ಯಾರಿಗೂ ತಿಳಿಯಲಿಲ್ಲ. ಅದೇ ಚಿತ್ರದ ಹೆಸರು ಬದಲಿಸುವಾಗ ವಿತರಕರು ಹಕ್ಕುಸ್ವಾಮ್ಯದ ಸೂಚನೆಯನ್ನು ಬಿಟ್ಟರು, ಚಿತ್ರ ಸಾರ್ವಜನಿಕ ಸ್ವತ್ತಾಯಿತು. ಆರು ಗೆಳೆಯರೂ ಹಕ್ಕು ಯಾರದೆಂಬುದನ್ನು ಮೊದಲ ದಿನವೇ ಕಾಗದದಲ್ಲಿ ಬರೆದುಕೊಳ್ಳಿ. ಕಣ್ಣಿನ ಬಣ್ಣದ ಮಸೂರಗಳನ್ನು ನೇತ್ರ ತಜ್ಞರಿಗೆ ತೋರಿಸದೆ ಹಾಕಬೇಡಿ.

ದುಡ್ಡು ಹೋಗಬೇಕಾದದ್ದು ಧ್ವನಿಗೆ. ಒಂಬತ್ತರಲ್ಲಿ ಎರಡು ಲಕ್ಷವನ್ನಾದರೂ ಅದಕ್ಕೆ ಮುಟ್ಟದೆ ಇಡಿ. ಎಂಜಿನ್ನುಗಳೆಲ್ಲ ಸತ್ತ ಲೋಕದಲ್ಲಿ ಏನು ಕೇಳಿಸುತ್ತದೆ? ಹೆದ್ದಾರಿಯಿಂದ ಮೂರ್ನಾಲ್ಕು ಕಿಲೋಮೀಟರ್ ಒಳಗಿದ್ದರೂ ರಾತ್ರಿ ಟ್ರಕ್ಕಿನ ಹಾರ್ನ್ ಬಂದೇ ಬರುತ್ತದೆ. ಆದ್ದರಿಂದ ಜಾಗ ನೋಡಲು ಹೋದಾಗ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ ಕೊಡಿ. ಪ್ರತಿ ಜಾಗದಲ್ಲೂ ಬರಿಯ ಮೌನವನ್ನು ಕೆಲ ನಿಮಿಷ ಮುದ್ರಿಸಿಕೊಳ್ಳಿ. ಹಲಗೆಯಾಚೆ ಉಗುರು ಕೆರೆಯುವ ಸದ್ದು ನೂರು ಜನ ಸಹನಟರ ಕೆಲಸ ಮಾಡುತ್ತದೆ.

ಅನುಮತಿಗಳ ಬಗ್ಗೆ ಗದರಿಸಿಯೇ ಹೇಳುತ್ತೇನೆ. ಪುಣೆಯ ಗುಡ್ಡ ವೇತಾಳ ಟೇಕಡಿಯ ಹಳೆಯ ಕಲ್ಲುಗಣಿ ಚಿತ್ರಕ್ಕೆ ಹೇಳಿ ಮಾಡಿಸಿದಂತಿದೆ, ಆದರೆ ಟೇಕಡಿಯ ಬಹುಭಾಗ ಅರಣ್ಯ ಇಲಾಖೆಯದು. ಬೇಸಿಗೆಯ ಒಣಹುಲ್ಲಿನ ನಡುವೆ ನಿಜವಾದ ದೊಂದಿ ಬೇಡವೇ ಬೇಡ. ಪುಣೆಯಲ್ಲಿ ವಾಯುಪಡೆಯ ನೆಲೆಯೂ ಸೇನಾ ಸಂಸ್ಥೆಗಳೂ ಇವೆ, ನಿಷಿದ್ಧ ವಲಯಗಳನ್ನು ನೋಡದೆ ಡ್ರೋನ್ ಹಾರಿಸಬಾರದು. ಎತ್ತಿನಗಾಡಿ ತೋರಿಸಿದರೂ ಪ್ರಾಣಿ ಕಲ್ಯಾಣ ಮಂಡಳಿಯ ಪೂರ್ವಾನುಮತಿ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಹಳ್ಳಿಯಲ್ಲಿ ರಾತ್ರಿ ಚಿತ್ರೀಕರಣ ಮಾಡುವ ಮೊದಲು ಪಂಚಾಯಿತಿಗೂ ಪೊಲೀಸ್ ಪಾಟೀಲರಿಗೂ (ಪೊಲೀಸರಿಗೆ ನೆರವಾಗುವ ಊರಿನ ಅಧಿಕಾರಿ) ತಿಳಿಸಿ, ಸಾಧ್ಯವಾದರೆ ಊರಿನವರನ್ನೇ ಜೊತೆಗಿರಿಸಿಕೊಳ್ಳಿ. 2018ರಲ್ಲಿ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಐದು ಅಮಾಯಕರು ಪ್ರಾಣ ಕಳೆದುಕೊಂಡರು. ಬಾಯಿಗೆ ರಕ್ತ ಮೆತ್ತಿಕೊಂಡ ಅಪರಿಚಿತನೊಬ್ಬ ಕತ್ತಲಲ್ಲಿ ಓಡುವುದು ಊರಿನ ಕಣ್ಣಿಗೆ ಹೇಗೆ ಕಾಣುತ್ತದೆಂದು ಯೋಚಿಸಿ. ಮೇಕಪ್ ಅಳಿಸದೆ ಯಾವ ನಟನೂ ಚಹಾ ಅಂಗಡಿಗೆ ಹೋಗಬಾರದು.

ಮನೆಯವರನ್ನೇ ತಂಡ ಮಾಡಿಕೊಳ್ಳಲು ನಾಚಬೇಡಿ. ಮುಂಬೈಯ ರಾಮ್ಸೆ ಸಹೋದರರು ಏಳು ಜನ. ನಿರ್ದೇಶನ, ಬರವಣಿಗೆ, ಕ್ಯಾಮೆರಾ, ಧ್ವನಿ, ಸಂಕಲನ ಎಲ್ಲವನ್ನೂ ತಮ್ಮೊಳಗೇ ಹಂಚಿಕೊಂಡು 1972ರ ‘ದೋ ಗಜ್ ಜಮೀನ್ ಕೆ ನೀಚೆ’ಯಿಂದ ಹಿಂದಿಯ ಭಯಾನಕ ಚಿತ್ರಗಳ ದಾರಿ ತೆರೆದರು. 1990ರ ‘ಬಂದ್ ದರ್ವಾಜಾ’ದಲ್ಲಿ ಅನಿರುದ್ಧ ಅಗರ್ವಾಲ್ ಅವರನ್ನು ರಕ್ತಪಿಶಾಚಿಯನ್ನಾಗಿ ನಿಲ್ಲಿಸಿದರು. ಅವರ ಅಗ್ಗದ ತಂತ್ರಗಳನ್ನು ಕೀಳಾಗಿ ಕಾಣುವವರ ಮಾತಿಗೆ ಕಿವಿಗೊಡಬೇಡಿ, ಆ ಹಠಕ್ಕೆ ನನಗೆ ಅಪಾರ ಗೌರವವಿದೆ.

ಕೊನೆಯದು ಭಾಷೆ. ಹಿಂದಿಗೆ ಹೋಗಬೇಡಿ. 2014ರಲ್ಲಿ ಅನಾ ಲಿಲಿ ಅಮೀರ್‌ಪುರ್ ಅವರು ‘ಎ ಗರ್ಲ್ ವಾಕ್ಸ್ ಹೋಮ್ ಅಲೋನ್ ಅಟ್ ನೈಟ್’ ಮಾಡಿದಾಗ ಪಾತ್ರಗಳೆಲ್ಲ ಪರ್ಷಿಯನ್ ಮಾತನಾಡಿದವು. ಚಿತ್ರೀಕರಣವಾದದ್ದು ಕ್ಯಾಲಿಫೋರ್ನಿಯಾದ ಟಾಫ್ಟ್ ಎಂಬ ತೈಲಬಾವಿಗಳ ಊರಿನಲ್ಲಿ. ಚಾದರ ಹೊದ್ದ ರಕ್ತಪಿಶಾಚಿ ಹುಡುಗಿಯನ್ನು ಜಗತ್ತು ಉಪಶೀರ್ಷಿಕೆ ಓದಿಕೊಂಡೇ ನೋಡಿತು. ನೆಲ ಒಂದು, ನುಡಿ ಇನ್ನೊಂದು ಆದದ್ದರಿಂದಲೇ ಆ ಊರು ಭೂಪಟದಲ್ಲಿಲ್ಲದ ಊರಾಯಿತು. ಮಹಾರಾಷ್ಟ್ರದ ನೆಲದಲ್ಲಿ ಕನ್ನಡ ಆಡುವ ನಿಮ್ಮ ಜನರಿಗೂ ಆ ಬಲವಿದೆ. ದಾರಿಯಲ್ಲಿ ಸಿಗುವವರು ಮರಾಠಿಯಲ್ಲೇ ಮಾತನಾಡಲಿ, ನಿಮ್ಮವರು ಪುಣೆಯ ಕನ್ನಡಿಗರ ಹಾಗೆ ಎರಡರ ನಡುವೆ ಓಡಾಡಲಿ, ನಿಪ್ಪಾಣಿ ಹತ್ತಿರವಾದಂತೆ ಕನ್ನಡ ಹೆಚ್ಚಲಿ. ಚಿತ್ರಮಂದಿರಕ್ಕೆ ಹೋಗುವುದಾದರೆ ಸೆನ್ಸಾರ್ ಪ್ರಮಾಣಪತ್ರ ಬೇಕು, ರಕ್ತದ ಪ್ರಮಾಣ ನೋಡಿ ‘ಯುಎ 16+’ ಅಥವಾ ‘ಎ’ ಸಿಕ್ಕೀತು. ಗೋವಾದಲ್ಲಿ ನವೆಂಬರಿನ ಚಿತ್ರೋತ್ಸವದ ಜೊತೆಗೆ ನಡೆಯುವ ಸಿನಿಮಾ ಮಾರುಕಟ್ಟೆಗೆ ಹತ್ತು ನಿಮಿಷದ ತುಣುಕನ್ನಾದರೂ ಸಿದ್ಧಪಡಿಸಿ. ಅಜ್ಜಿ, ಮೊಮ್ಮಗಳು ಮತ್ತು ಬಾಗಿಲಿನ ಆ ಮೂರುಸಂಜೆಯನ್ನೇ ಮೊದಲು ಚಿತ್ರಿಸಿ, ಪುಣೆಯ ಕನ್ನಡದವರಿಗೂ ಮರಾಠಿ ಗೆಳೆಯರಿಗೂ ಒಟ್ಟಿಗೆ ತೋರಿಸಿ. ಅವರು ಎಲ್ಲಿ ಉಸಿರು ಬಿಗಿ ಹಿಡಿದರು, ಎಲ್ಲಿ ಮೊಬೈಲ್ ತೆಗೆದರು ಎಂದು ಬರೆದಿಟ್ಟುಕೊಂಡು, ಉಳಿದ ಚಿತ್ರಕಥೆಯನ್ನು ಆಮೇಲೆ ಮುಗಿಸಿ.